ಪೆನ್ಸಿಲ್ ದಪ್ಪದ ನೀರು

ಬಾವಿಯಿಂದ ಮನೆಗೆ ಬರುವ ಕೊಳವೆ ಚಳಿಗೆ ಹೆಪ್ಪುಗಟ್ಟದಿರಲು ಅದನ್ನು ಎರಡೂವರೆ ಮೀಟರು ಆಳಕ್ಕೆ ಹೂಳಬೇಕು ಎಂಬುದು ಫಿನ್ಲೆಂಡಿನ ಕೈನೂ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಟೌನೋನಿಗೂ ಗೊತ್ತಿತ್ತು. ಆದರೆ ಒಂದು ಮೀಟರು ತೋಡುವಷ್ಟರಲ್ಲಿ ಬಂಡೆ ಸಿಕ್ಕಿತು. ಮದ್ದಿಟ್ಟು ಸಿಡಿಸುವವನು ಹೇಳಿದ ದರ ಅವನಿಗೆ ಹಿಡಿಸಲಿಲ್ಲ.

"ಮೇಲೆ ಹಿಮ ಬೀಳುತ್ತಲ್ಲ, ಅದೇ ಕಂಬಳಿ. ಪುಕ್ಕಟೆ ಕಂಬಳಿ," ಎಂದು ಮಣ್ಣು ಎಳೆದುಬಿಟ್ಟ.

ಅಗ್ಗದ ಮಾಲಿಗೆ ಎರಡು ಬೆಲೆ. ಒಂದನ್ನು ಕೊಂಡವನು ಕೊಡುತ್ತಾನೆ, ಇನ್ನೊಂದನ್ನು ಮನೆಯಲ್ಲಿರುವವರು. ಟೌನೋ ಚಳಿಗಾಲವಿಡೀ ದಿಮ್ಮಿ ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮುಖ ತೋರಿಸುವವನು. ಮನೆಯಲ್ಲಿದ್ದವಳು ಅವನ ಹೆಂಡತಿ ರೌಹಾ.

ನವೆಂಬರಿನಿಂದ ಮೇ ತಿಂಗಳವರೆಗೆ ಅವಳ ಅಡುಗೆಮನೆಯ ನಲ್ಲಿ ಹಗಲಿರುಳೂ ಸುರಿಯುತ್ತಲೇ ಇರಬೇಕಿತ್ತು, ಸರಿಯಾಗಿ ಪೆನ್ಸಿಲ್ ದಪ್ಪಕ್ಕೆ. ಸಣ್ಣಗಾದರೆ ಕೊಳವೆ ಹೆಪ್ಪುಗಟ್ಟುತ್ತದೆ, ದಪ್ಪಗಾದರೆ ಬಾವಿ ಬರಿದಾಗುತ್ತದೆ. ಹತ್ತೊಂಬತ್ತು ಚಳಿಗಾಲ ಅವಳು ಆ ನೀರಿನ ಕಾವಲುಗಾರ್ತಿ. ನಿದ್ದೆಯಲ್ಲೂ ಒಂದು ಕಿವಿ ಅಲ್ಲೇ. ಒಂದು ರಾತ್ರಿಯೂ ಬೇರೆ ಕಡೆ ತಂಗಿದ್ದಿಲ್ಲ.

ಅಂಗಳದಲ್ಲಿ ಕೊಳವೆ ಹಾದ ಜಾಗದ ಉದ್ದಕ್ಕೂ ಎರಡು ಸಾಲು ಕೋಲು ನೆಟ್ಟಿದ್ದಳು. ನಡುವಿನ ಹಿಮವನ್ನು ನಾಯಿಯೂ ತುಳಿಯುವಂತಿರಲಿಲ್ಲ. ತುಳಿದರೆ ಹಿಮ ಅದುಮಿಕೊಂಡು ಚಳಿ ಕೆಳಗಿಳಿಯುತ್ತದೆ. ಅಂಚೆಯವಳು ಸೌದೆಮನೆ ಬಳಸಿಕೊಂಡು ಬರುತ್ತ ಗೊಣಗುತ್ತಿದ್ದಳು: "ಏನೇ ರೌಹಾ, ಗಂಡನನ್ನ ಇಲ್ಲೇ ಹೂತಿದೀಯಾ ಹೇಗೆ?"

"ಅವನನ್ನಾಗಿದ್ರೆ ಇನ್ನೂ ಆಳಕ್ಕೆ ಹೂಳ್ತಿದ್ದೆ."

ರೌಹಾ ಚರ್ಚಿನ ಹಾಡುಗಾರರ ಮೇಳದಲ್ಲಿ ಹಾಡುತ್ತಿದ್ದಳು. ಪ್ರತಿ ಫೆಬ್ರವರಿಯಲ್ಲೂ ಮೇಳ ಬಸ್ಸು ಮಾಡಿಕೊಂಡು ಮೂರು ದಿನ ತಾಂಪೆರೆ ನಗರಕ್ಕೆ ಹಾಡಲು ಹೋಗುತ್ತಿತ್ತು. ಅವಳು ಕೈಬೀಸಿ ಕಳುಹಿಸಿ ಒಳಗೆ ಬಂದು ನಲ್ಲಿ ನೋಡುತ್ತಿದ್ದಳು. ಈ ಸಲ ಒಂದು ಚರಣವನ್ನು ಅವಳೊಬ್ಬಳಿಗೇ ಕೊಟ್ಟಿದ್ದರು. ಐವತ್ತೆಂಟು ವರ್ಷಕ್ಕೆ ಬಂದದ್ದು ಇನ್ನೊಮ್ಮೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆ ಕೊಂಡು ಬಂದಿದ್ದ ಆರ್ವೋ ನಲ್ಲಿ ಕಾಯಲು ಒಪ್ಪಿದ. ಹಿಟ್ಟು ಲಟ್ಟಿಸಬಹುದು ಎನ್ನುವಷ್ಟು ಅಂಗಳ ಗುಡಿಸಿಡುವ ಮನುಷ್ಯ. ನಲ್ಲಿಯ ವಿಷಯ ಅವನಿಗೆ ಮೂರು ಸಲ ಹೇಳಿದಳು. ಕೋಲುಗಳ ವಿಷಯ ಹೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಇವನಿಗೂ ಗೊತ್ತಿರುತ್ತದೆ ಎಂದುಕೊಂಡಳು.

ಶುಕ್ರವಾರ ಬಸ್ಸು. ಬುಧವಾರ ಅವಳು ಅಭ್ಯಾಸ ಮುಗಿಸಿ ಬಂದಾಗ ಅಂಗಳದ ಹಿಮವೆಲ್ಲ ಹೋಗಿ ಜಲ್ಲಿಕಲ್ಲು ಕಾಣುತ್ತಿತ್ತು. ಕೋಲುಗಳನ್ನು ನೀಟಾಗಿ ಕಂತೆ ಕಟ್ಟಿ ಮೆಟ್ಟಿಲ ಬಳಿ ಇಟ್ಟಿತ್ತು. ಆರ್ವೋ ಟ್ರ್ಯಾಕ್ಟರಿನಿಂದ ಇಳಿದು ನಗುತ್ತ ನಿಂತಿದ್ದ.

"ಊರಿಗೆ ಹೊರಟೋಳ ಅಂಗಳ ಹಾಗಿದ್ರೆ ಚೆನ್ನಾಗಿರುತ್ತಾ ಅಂತ..."

"ಆ ಕೋಲು ಯಾಕೆ ನೆಟ್ಟಿದ್ದೆ ಅಂದ್ಕೊಂಡ್ಯೋ ಮಾರಾಯ!"

"ಎಲ್ಲಿಂದ ಎಲ್ಲೀತನಕ ಹಿಮ ತಳ್ಳಬೇಕು ಅಂತ. ಎಲ್ರೂ ಅದಕ್ಕೇ ತಾನೇ ನೆಡೋದು?"

ಅದೂ ನಿಜವೇ. ಸೀಮೆಗೆಲ್ಲ ಕೋಲೆಂದರೆ 'ಇಲ್ಲಿ ತಳ್ಳು' ಎಂದು, ಅವಳೊಬ್ಬಳಿಗೆ 'ಮುಟ್ಟಬೇಡ' ಎಂದು. ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗಿನ ಚಳಿಯಲ್ಲಿ ಇಬ್ಬರೂ ಸಲಿಕೆ ಹಿಡಿದು ಅಂಗಳಕ್ಕೆ ಹಿಮ ಎರಚಿದರು. ದಾರಿಯಲ್ಲಿ ಹೋದವರು ಕಾರು ನಿಧಾನ ಮಾಡಿ ನೋಡಿದರು. ಆದರೆ ಟ್ರ್ಯಾಕ್ಟರು ಅದುಮಿದ ಹಿಮ ಹೆಂಟೆ ಹೆಂಟೆಯಾಗಿತ್ತು. ಹರಿದ ಕಂಬಳಿಯನ್ನು ಎಷ್ಟು ಹೊದಿಸಿದರೇನು?

ಗುರುವಾರ ಪೆನ್ಸಿಲು ದಾರವಾಯಿತು. ನಲ್ಲಿ ಪೂರ್ತಿ ತಿರುಗಿಸಿದರೂ ದಾರವೇ. ಶುಕ್ರವಾರ ಬೆಳಿಗ್ಗೆ ಕಾಫಿಗೆ ಪಾತ್ರೆ ಹಿಡಿದಾಗ ಎರಡು ಹನಿ ಬಿತ್ತು, ಮೂರನೆಯದು ಬರಲಿಲ್ಲ. ಗೋಡೆ ಗಡಿಯಾರ ಇಷ್ಟು ಜೋರಾಗಿ ಟಿಕ್ಕೆನ್ನುತ್ತದೆ ಎಂದು ರೌಹಾಳಿಗೆ ಅಂದೇ ಗೊತ್ತಾದದ್ದು.

ಅವಳು ಪ್ರಯಾಣಕ್ಕೆ ಕಟ್ಟಿಟ್ಟಿದ್ದ ಪೆಟ್ಟಿಗೆಯಿಂದ ಹಾಡಿನ ಉಡುಪು ತೆಗೆದು ಮತ್ತೆ ಬೀರುವಿನಲ್ಲಿ ನೇತುಹಾಕಿ, ಹೆಪ್ಪುಗಟ್ಟಿದ ಕೊಳವೆ ಬಿಡಿಸುವ ಬಿಸಿನೀರಿನ ಯಂತ್ರದವನಿಗೆ ಫೋನು ಮಾಡಿದಳು. ಅವನು ಬಂಡೆಯ ಕಥೆ ಕೇಳಿ, "ಅದು ಉದ್ದಕ್ಕೂ ಕಟ್ಟಿರುತ್ತಮ್ಮ, ಯಂತ್ರಕ್ಕೆ ಬಗ್ಗಲ್ಲ. ಮೇ ತಿಂಗಳಲ್ಲಿ ತಾನಾಗೇ ಕರಗುತ್ತೆ," ಎಂದ. ಟೌನೋನಿಗೆ ಮಾಡಿದಳು.

"ಹೋಗ್ಬೇಡ ನೀನು. ಮನೇಲೇ ಇರು," ಎಂದ ಲಾರಿಯ ಸದ್ದಿನ ನಡುವೆ.

"ಇದ್ದು ಏನು ಕಾಯ್ಲಿ?"

ಪ್ರಶ್ನೆ ಅವಳ ಕಿವಿಗೂ ಹೊಸದಾಗಿತ್ತು. ಕಾಯಲು ನಿಜಕ್ಕೂ ಏನೂ ಉಳಿದಿರಲಿಲ್ಲ.

"ನಾಳೆ ನಾನು ಬರ್ತೀನಲ್ಲ, ನೀರಿಗೇನು ಮಾಡ್ಲಿ?" ಎಂದ ಟೌನೋ.

"ಕೆರೆ ಇದೆ. ಮಂಜುಗಡ್ಡೆಗೆ ತೂತು ಕೊರಿ. ಪುಕ್ಕಟೆ ನೀರು."

ಬಾವಿಯ ಪಂಪಿನ ಸ್ವಿಚ್ಚು ಆರಿಸಿ, ಉಡುಪನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು. ಬಸ್ಸು ಹಾರ್ನು ಹೊಡೆಯಿತು. ಅಭ್ಯಾಸಬಲದಿಂದ ಸೌದೆಮನೆಯ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತಳು. ತಿರುಗಿ, ಕೊಳವೆಯ ಮೇಲಿನ ಹಿಮವನ್ನು ನಟ್ಟನಡುವೆ ತುಳಿದುಕೊಂಡು, ಬಸ್ಸಿಗೆ ನಡೆದಳು.