ಅವ್ವನ ಎಲೆಯಡಿಕೆ ಚೀಲ

ನನ್ನ ಬಾಯಿ ಜೋರು. ಕುರಿ ಸಾಕುವ ಮನೆಯವಳು, ಬಯಲಿನ ಈ ತುದಿಯಿಂದ ಆ ತುದಿಗೆ ಕೂಗಿಯೇ ಬೆಳೆದವಳು. ಮನೆಯೊಳಗೂ ಅದೇ ದನಿ. ಅವ್ವನ ವಿಷಯ ಬರೆಯುವಾಗ ಇದನ್ನು ಮೊದಲೇ ಹೇಳಿಬಿಡಬೇಕು.

ಅಪ್ಪ ತೀರಿಕೊಂಡ ಮೇಲೆ ಅವ್ವ ತುರುವನೂರು ಕಡೆಯಿಂದ ಚಿಕ್ಕಜಾಜೂರಿನ ಹತ್ತಿರದ ನಮ್ಮ ಹಳ್ಳಿಗೆ, ನನ್ನ ಮನೆಗೇ ಬಂದಳು. ಬಂದ ಮರುದಿನವೇ ಕುರಿದೊಡ್ಡಿ ಅವಳ ವಶವಾಯಿತು. ಬೆಳಗ್ಗೆ ಬಾಗಿಲ ತಡಿಕೆ ತೆಗೆಯುವ ಮುಂಚೆ ಒಂದೊಂದೇ ಕುರಿಯ ಬಾಯಿ ನೋಡುತ್ತಿದ್ದಳು. ಮೆಲುಕು ಹಾಕದ ಕುರಿಗೆ ಕಾಯಿಲೆ ಶುರುವಾಗಿದೆ ಎಂದೇ ಅರ್ಥ. ಅದನ್ನು ಆಗಲೇ ಬೇರೆ ಕಟ್ಟಬೇಕು. ನನಗೆ ಇದನ್ನು ಕಲಿಸಿದವಳೂ ಅವಳೇ.

ಅವ್ವನಿಗೆ ಎಲೆಯಡಿಕೆ ಬೇಕೇ ಬೇಕು. ಮುನಿಸಿಕೊಂಡಾಗ ಮಾತ್ರ ಬಿಡುತ್ತಿದ್ದಳು. ಆಗ ಅಪ್ಪ ತಾನೇ ಎಲೆಗೆ ಸುಣ್ಣ ಸವರಿ, ಮಡಿಚಿ, ಮಾತಿಲ್ಲದೆ ಅವಳ ಮುಂದೆ ಹಿಡಿಯುತ್ತಿದ್ದ. ಅವಳು ಬಾಯಿಗೆ ಹಾಕಿಕೊಂಡರೆ ಜಗಳ ಮುಗಿಯಿತು.

ಹೋದ ವರ್ಷ ಒಂದು ಬೆಳಗ್ಗೆ ಅವಳು ತಡಿಕೆ ಮುಚ್ಚುವುದನ್ನು ಮರೆತಳು. ಮರಿಗಳೆಲ್ಲ ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿದವು. ಅವರ ಬಾಯಲ್ಲಿ ಏನೇನೋ ಅನ್ನಿಸಿಕೊಂಡು ಬಂದು ಆ ಸಿಟ್ಟನ್ನೆಲ್ಲ ಅವ್ವನ ಮೇಲೆ ತೀರಿಸಿಕೊಂಡೆ.

"ಇನ್ಮ್ಯಾಲೆ ದೊಡ್ಡಿ ಕಡೆ ಕಾಲಿಡಬ್ಯಾಡ ನೀನು," ಅಂದೆ.

ಅವಳು ಹೋಗಿ ಜಗುಲಿಯ ಕಂಬಕ್ಕೊರಗಿ ಕೂತಳು. ಅವತ್ತಿನಿಂದ ಎಲೆಯಡಿಕೆ ಬಿಟ್ಟಳು. ಓಹೋ, ಶುರುವಾಯ್ತು ಎಂದುಕೊಂಡೆ. ಎಲೆ ಮಡಿಚಿ ಕೊಡಲು ನಾನೇನು ಅಪ್ಪನೇ? ತಪ್ಪು ಅವಳದು, ಬೇಕಾದರೆ ಅವಳೇ ಮಾತಾಡಲಿ ಎಂದು ನಾನೂ ಬಿಗುಮಾನದಲ್ಲಿದ್ದೆ. ಊಟ ಮುಂದಿಟ್ಟು ಬರುತ್ತಿದ್ದೆ, ಅಷ್ಟೇ. ಅರ್ಧ ಮುದ್ದೆ ಹಾಗೇ ಉಳಿಯುತ್ತಿತ್ತು. ನಡೆಯುವಾಗ ಕಾಲೆಳೆಯುತ್ತಿದ್ದಳು, ಅದೂ ನನಗೆ ತೋರಿಸಲೆಂದೇ ಅನ್ನಿಸಿತು. ಮೂರು ತಿಂಗಳು ಹೀಗೇ ನಡೆಯಿತು. ಥೂ, ನನ್ನ ಜನ್ಮಕ್ಕೆ!

ಒಂದು ದಿನ ಬಚ್ಚಲ ಹತ್ತಿರ ಬಿದ್ದಳು. ಹೊಳಲ್ಕೆರೆಯಲ್ಲಿ ತೋರಿಸಿ, ಅಲ್ಲಿ ಹೇಳಿದಂತೆ ಚಿತ್ರದುರ್ಗಕ್ಕೆ ಕರೆದೊಯ್ದೆವು. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು, ಬಹಳ ವರ್ಷದ ಬಿಪಿಯಿಂದ ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟಿವೆ, ಮರೆವು, ಕಾಲೆಳೆತ ಅದರಿಂದಲೇ ಇರಬೇಕು ಎಂದರು. ಈ ಮಂಕೂ ಖಿನ್ನತೆ ಎಂಬ ಕಾಯಿಲೆಯೇ, ವಯಸ್ಸಾದವರಲ್ಲಿ ಇವು ಒಟ್ಟೊಟ್ಟಿಗೆ ಬರುವುದುಂಟು ಎಂದು ತಿಳಿಸಿ ಹೇಳಿದರು. ಬಿಪಿ ಮಾತ್ರೆ ದಿನಾ ತಗೊಳ್ಳುತ್ತಾರಾ ಎಂದು ಕೇಳಿದಾಗ ಹೌದು ಎಂದುಬಿಟ್ಟೆ.

ಮನೆಗೆ ಬಂದು, ಅವಳು ಮಾತ್ರೆಯನ್ನೂ ಇಟ್ಟುಕೊಳ್ಳುತ್ತಿದ್ದ ಎಲೆಯಡಿಕೆ ಚೀಲ ಬಿಚ್ಚಿದೆ. ಒಣಗಿ ಪುಡಿಯಾದ ಎಲೆಗಳ ನಡುವೆ ಮಾತ್ರೆಗಳು ಹಾಗೇ ಇದ್ದವು. ಬೆಳಗ್ಗೆ ಮಾತ್ರೆ ನುಂಗಿ, ಬಾಯಿಯ ಕಹಿ ಹೋಗಲೆಂದು ಎಲೆ ಹಾಕಿಕೊಳ್ಳುವುದು ಅವಳ ರೂಢಿ. ಚೀಲ ಬಿಚ್ಚುವುದು ನಿಂತ ಮೇಲೆ ಮಾತ್ರೆಯೂ ನಿಂತಿತ್ತು. ಆ ಮೂರು ತಿಂಗಳಲ್ಲಿ ಎಷ್ಟು ಕೆಟ್ಟಿತೋ, ಡಾಕ್ಟರನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ದೊಡ್ಡಿಯ ಅಷ್ಟೂ ಕುರಿಗಳ ಬಾಯಿ ನೋಡುತ್ತಿದ್ದ ನನಗೆ ಅವ್ವನ ಬಾಯಿ ಕಾಣಲಿಲ್ಲ.

ಔಷಧಿ ಶುರುವಾಗಿ ಎರಡು ತಿಂಗಳಿಗೆ ಅವಳ ಮುಖ ಕೊಂಚ ತಿಳಿಯಾಯಿತು. ಒಂದು ಮಧ್ಯಾಹ್ನ ಎಲೆಗೆ ಸುಣ್ಣ ಸವರಿ, ಮಡಿಚಿ, ಅವಳ ಮುಂದೆ ಹಿಡಿದೆ.

"ಮುನಿಸು ಬಿಡವ್ವ," ಅಂದೆ.

ಅವಳು ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ನಾನೆಲ್ಲಿ ಮುನಿಸ್ಕಂಡಿದ್ದೆ? ನೀನೇ ಮಾತು ಬಿಟ್ಟಿದ್ದೆ ಕಣವ್ವ. ಯಾವಾಗ ಮಾತಾಡಿಸ್ತೀಯೋ ಅಂತ ದಿನಾ ಕಾಯ್ತಾ ಕುಂತಿದ್ದೆ."