ಒಳ್ಳೆಯ ಕಣ್ಣಿಗೆ ಪಟ್ಟಿ

ಮೊನ್ನೆ ರವಿಕೆ ಬಟ್ಟೆ ಕತ್ತರಿಸುವಾಗ ಬೆರಳು ಕುಯ್ದುಕೊಂಡು ಪ್ಲಾಸ್ಟರ್ ಬಿಚ್ಚಿದೆ. ಅದರ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅದನ್ನು ಅತ್ತ ಎಸೆದು ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡೆ. ನಗಬೇಡಿ. ಹೊನ್ನಾಳಿಯಲ್ಲಿ ಮೂವತ್ತು ವರ್ಷ ಹೊಲಿಗೆ ಮಾಡಿದವಳು ನಾನು, ರಕ್ತಕ್ಕೆಲ್ಲ ಹೆದರುವುದಿಲ್ಲ. ಹೆದರಿದ್ದು ಆ ವಾಸನೆಗೆ.

ಎರಡು ವರ್ಷದ ಹಿಂದಿನ ಮಾತು. ಮೊಮ್ಮಗಳು ಚಿನ್ನುವಿಗೆ ಆಗ ನಾಲ್ಕು. ಅವಳ ಎಡಗಣ್ಣು ಮೂಗಿನ ಕಡೆ ಜಾರುತ್ತಿತ್ತು, ಥೇಟ್ ನನ್ನದರ ಹಾಗೆ. ಅದೃಷ್ಟದ ಕಣ್ಣು ಎನ್ನುತ್ತಿದ್ದರು ನಮ್ಮ ಮನೆಯಲ್ಲಿ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಹಾಗೆಂದೇ ಒಪ್ಪಿದ್ದರಂತೆ, ಹಾಗಾಗಿ ನನಗೆ ಅದರ ಮೇಲೆ ಸ್ವಲ್ಪ ಜಂಬವೇ ಇತ್ತು. ಸೊಸೆ ಶೋಭಾ ಜಗಳೂರು ಕಡೆಯ ಸೊಕ್ಕೆ ಎಂಬ ಊರಿನವಳು. ಮಾತು ಕಡಿಮೆ, ಹಟ ಜಾಸ್ತಿ. ಮಗುವನ್ನು ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಎಡಗಣ್ಣು ನೋಡುವುದನ್ನೇ ಬಿಡುತ್ತಿದೆಯಂತೆ. ಕನ್ನಡಕ ಹಾಕಿ, ಎಡಗಣ್ಣಿಗೆ ನೋಡುವ ಅಭ್ಯಾಸವಾಗಲೆಂದು ದಿನಾ ಆರು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಬೇಕಂತೆ. ವಯಸ್ಸು ಮೀರಿದರೆ ದೃಷ್ಟಿ ಬರುವುದು ಕಷ್ಟ, ಕಣ್ಣು ನೇರ ಮಾಡುವ ಆಪರೇಶನ್ ಆಮೇಲಿನದು ಎಂದರಂತೆ.

ಕೇಳಿ ಉರಿದುಬಿದ್ದೆ. ಚೆನ್ನಾಗಿರುವ ಕಣ್ಣನ್ನು ಯಾರಾದರೂ ಮುಚ್ಚುತ್ತಾರೆಯೇ?

"ನಂಗೂ ಹಿಂಗೇ ಐತೆ. ನಾನೇನು ಕುರುಡಿಯಾ?" ಎಂದೆ. ಸೊಸೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಟ್ಟಿ ಅಂಟಿಸಿದಳು.

ಅವಳು ಪಾಠ ಮಾಡಲು ನ್ಯಾಮತಿಯ ಬಸ್ಸು ಹತ್ತಿದ ಮೇಲೆ ಮಗು ನನ್ನ ಪಾಲಿಗೆ. ಚಿನ್ನು ಗೋಡೆ ತಡವುತ್ತ ಅಳುತ್ತಿದ್ದಳು. ನೋಡಲಾರದೆ ನಾನು ಪಟ್ಟಿ ಕಿತ್ತು, ಸಂಜೆ ಅವಳಮ್ಮ ಬರುವ ಹೊತ್ತಿಗೆ ಮತ್ತೆ ಅಂಟಿಸುತ್ತಿದ್ದೆ. ಎರಡು ತಿಂಗಳು ಇದೇ ಕಳ್ಳಾಟ. ಮತ್ತೆ ತೋರಿಸಿದಾಗ ಕಣ್ಣು ಒಂದಿಷ್ಟೂ ಸುಧಾರಿಸಿಲ್ಲ ಎಂದರಂತೆ. ಶೋಭಾ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತಳು. ನಾನು ಬಾಯಿ ಬಿಡಲಿಲ್ಲ.

ಮಾರನೆಯ ದಿನ ಕೀಳಲು ಕೈ ಬರಲಿಲ್ಲ. ಅಳುವ ಮಗುವನ್ನು ನಗಿಸೋಣವೆಂದು ನನ್ನ ಬಲಗಣ್ಣಿಗೂ ಒಂದು ಪಟ್ಟಿ ಅಂಟಿಸಿಕೊಂಡೆ. ಎದುರಿಗಿದ್ದ ಚಿನ್ನುವಿನ ಮುಖವೇ ಇಲ್ಲ! ಫ್ರಾಕಿನ ಕೆಂಪು ಇತ್ತು, ಮೂಗು ಬಾಯಿ ಇರಲಿಲ್ಲ. ಕನ್ನಡಕ ಹಾಕಿಕೊಂಡರೂ ಅಷ್ಟೇ. ಅರವತ್ತೆರಡು ವರ್ಷ ಒಂದೇ ಕಣ್ಣಿನಲ್ಲಿ ಬದುಕಿದ್ದೆ, ಗೊತ್ತೇ ಇರಲಿಲ್ಲ. ಸೂಜಿ ಪೋಣಿಸುವಾಗ ಎಡಗಣ್ಣನ್ನು ನನಗೇ ಅರಿವಿಲ್ಲದೆ ಮುಚ್ಚುತ್ತಿದ್ದೆ. ಕನ್ನಡಕವನ್ನೋ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡವಳು, ಕಣ್ಣಿನ ಡಾಕ್ಟರ ಮುಂದೆ ಎಂದೂ ಕೂತವಳಲ್ಲ.

ಸಂಜೆ ಸೊಸೆಗೆ ಎಲ್ಲ ಒಪ್ಪಿಸಿದೆ. ಬೈಯಲಿ ಎಂದು ಕಾದೆ. ಅವಳು ಪಟ್ಟಿಗಳ ಡಬ್ಬಿ ನನ್ನ ಕೈಗಿಟ್ಟು, "ಎರಡು ತಿಂಗಳು ಹೋತು ಅತ್ತೆ. ನಾಳೆಯಿಂದ ನೀವೇ ಅಂಟಿಸ್ರಿ, ತೆಗಿಯಾಕೆ ಮಾತ್ರ ಹೋಗಬ್ಯಾಡ್ರಿ" ಎಂದಳು.

ಅತ್ತರೂ ಒದ್ದರೂ ಅಂಟಿಸಿದೆ. ಆ ಎರಡು ತಿಂಗಳಲ್ಲೇ ಚಿನ್ನುವಿನ ಕಣ್ಣು ಕೈಬಿಟ್ಟು ಹೋಗಿದ್ದರೆ ಎಂಬ ಹೆದರಿಕೆ ಪ್ರತಿ ಪಟ್ಟಿಯ ಅಂಟಿನ ವಾಸನೆಯ ಜೊತೆಗೇ ಬರುತ್ತಿತ್ತು.

ಈ ಬೇಸಿಗೆ ರಜೆಗೆ ಆಪರೇಶನ್ ಎಂದು ನಿಶ್ಚಯವಾಗಿದೆ. ಇಷ್ಟು ಚಿಕ್ಕ ಮಗುವಿಗೆ ಅರಿವಳಿಕೆಯೇ ಎಂದು ಈಗಲೂ ಭಯವೇ. ಆದರೂ ಮೊದಲು ಹೂಂ ಎಂದವಳು ನಾನೇ. ಹೋದ ವಾರ ತಪಾಸಣೆಗೆ ಜೊತೆಯಲ್ಲಿ ಹೋಗಿದ್ದೆ. ಡಾಕ್ಟರು ಚಿನ್ನುವಿನ ಬಲಗಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ಹಿಂದೆ ನಿಂತಿದ್ದ ನಾನೂ ನನ್ನ ಬಲಗಣ್ಣಿಗೆ ಅಂಗೈ ಹಿಡಿದೆ. ಬರೀ ಬಿಳಿ ಗೋಡೆ ಕಂಡಿತು. ಅಲ್ಲಿ ಅಕ್ಷರಗಳಿವೆ ಎನ್ನುವುದು ಚಿನ್ನು ಒಂದೊಂದಾಗಿ ಓದುತ್ತಿದ್ದುದರಿಂದ ತಿಳಿಯಿತು.