ಸಹಿ ಇಲ್ಲದ ಅಭಿಪ್ರಾಯ

ಆ ಚಿತ್ರಮಂದಿರದಲ್ಲಿ ಇಪ್ಪತ್ತಾರು ವರ್ಷದಿಂದ ಟಿಕೆಟ್ ಹರಿದು, ಟಾರ್ಚ್ ಹಿಡಿದು ಜನರನ್ನು ಸೀಟಿಗೆ ಮುಟ್ಟಿಸುತ್ತಿದ್ದ ಹೆಂಗಸನ್ನು ಎಲ್ಲರೂ ಟಾರ್ಚಮ್ಮ ಎನ್ನುತ್ತಿದ್ದರು. ಕತ್ತಲಲ್ಲೇ ಅನ್ನ ದುಡಿಯುವವಳಿಗೆ ಕತ್ತಲೆಂದರೆ ಆಗುತ್ತಿರಲಿಲ್ಲ. ಮನೆಯಲ್ಲಿ ಬಚ್ಚಲಿನ ದೀಪ ಆರಿಸಲೂ ನಾದಿನಿಯೇ ಹೋಗಬೇಕು. "ಅತ್ತಿಗೆ, ನಿಮ್ಮನ್ನ ಕೆಲಸಕ್ಕಿಟ್ಟೋರಿಗೆ ಈ ವಿಷಯ ಗೊತ್ತಾ?" ಎಂದು ಅವಳು ನಗುತ್ತಿದ್ದಳು.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸಿನಿಮಾ ಸಂಘದವರು ಅಲ್ಲಿ ಹೊರದೇಶದ ಚಿತ್ರ ತೋರಿಸುತ್ತಿದ್ದರು. ಸಂಘದ ಕಾರ್ಯದರ್ಶಿ ನಿವೃತ್ತ ಗಣಿತದ ಮೇಷ್ಟ್ರು. ಮಧ್ಯಂತರದಲ್ಲಿ ಚೀಟಿ ಹಂಚಿ ಎಲ್ಲರ ಅಭಿಪ್ರಾಯ ಬರೆಸುವುದು, ಚಿತ್ರ ಮುಗಿದ ಮೇಲೆ ಅವನ್ನು ಗಟ್ಟಿಯಾಗಿ ಓದಿ ಚರ್ಚೆ ನಡೆಸುವುದು ಅವರ ಪದ್ಧತಿ.

ಆ ಶನಿವಾರ ಬಂದದ್ದು ಜಪಾನಿನ ಚಿತ್ರ. ಗಡಿಯಾರ ರಿಪೇರಿ ಮಾಡುವವನೊಬ್ಬ ಕೊಲೆ ಮಾಡಿ ತಲೆಮರೆಸಿಕೊಂಡಿದ್ದಾನೆ. ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿಯ ಬೆನ್ನು ಬೀಳುತ್ತಾನೆ. ಒಂದು ದಿನ ಅವಳ ಕೋಟಿನ ಗುಂಡಿ, ಇನ್ನೊಂದು ದಿನ ಛತ್ರಿ ಕದಿಯುತ್ತಾನೆ. ಅವಳಿಗದು ಗೊತ್ತಾಗುತ್ತದೆ. ಆದರೂ ಕೂಗಿಕೊಳ್ಳುವುದಿಲ್ಲ, ಅವನಿಗೆಂದೇ ಬಾಗಿಲ ಬಳಿ ಒಂದೊಂದು ವಸ್ತು ಬಿಟ್ಟುಹೋಗತೊಡಗುತ್ತಾಳೆ.

ಮಧ್ಯಂತರ ಮುಗಿದು ದೀಪ ಆರಿದ ಮೇಲೆ ಟಾರ್ಚಮ್ಮ ತಾನು ಒಟ್ಟುಮಾಡಿ ತಂದ ಚೀಟಿಗಳನ್ನು ಬಾಗಿಲ ಪರದೆಯ ಹಿಂದೆ ಸ್ಟೂಲ್ ಹಾಕಿಕೊಂಡು ಟಾರ್ಚ್ ಬೆಳಕಲ್ಲಿ ಓದಲು ಕೂತಳು. ಅದೊಂದು ಅವಳ ಚಟ. 'ಇಂಥ ಪ್ರೀತಿ ನಾನು ಕಂಡಿಲ್ಲ.' 'ನಿದ್ದೆ ಚೆನ್ನಾಗಿ ಬಂತು.' 'ಕೊಲೆಗಾರನಿಗೂ ಒಬ್ಬಳು ಸಿಕ್ಕಳು, ನನಗೆ ಯಾಕಿಲ್ಲ?' ಬಾಯಿ ಮುಚ್ಚಿಕೊಂಡು ನಕ್ಕು ಮುಂದಿನದನ್ನು ಬಿಡಿಸಿದಳು. ಸಣ್ಣ ಅಕ್ಷರ, ಒತ್ತಿ ಬರೆದದ್ದಕ್ಕೆ ಕಾಗದ ಅಲ್ಲಲ್ಲಿ ತೂತಾಗಿತ್ತು.

'ಹುಡುಗಿಗೆ ಇದೆಲ್ಲ ಇಷ್ಟ ಆಗುತ್ತೆ ಅಂತ ಯಾರು ಹೇಳಿದ್ದು? ಏಳು ತಿಂಗಳಿಂದ ಒಬ್ಬ ನನ್ನ ಹಿಂದೆ ಬರ್ತಿದ್ದಾನೆ. ತಪ್ಪಿಸಿಕೊಳ್ಳೋಕೆ ಇಲ್ಲಿಗೆ ಬಂದೆ. ಈಗ ಅವನೂ ಒಳಗಿದ್ದಾನೆ. ಈ ಸಿನಿಮಾ ಮುಗಿಯೋದೇ ಬೇಡ.'

ಸಹಿ ಇರಲಿಲ್ಲ.

ಟಾರ್ಚಮ್ಮ ಟಾರ್ಚನ್ನು ಸ್ಟೂಲಿನ ಮೇಲಿಟ್ಟು ಎದ್ದಳು. ಪರದೆ ಸರಿಸಿ ನೋಡಿದರೆ ಒಳಗೆ ಎಂಬತ್ತು ತಲೆ. ಅವನ ಟಿಕೆಟ್ಟನ್ನೂ ಹರಿದವಳು ತಾನೇ. ನೋಡ್ಕೊಂಡು ಬನ್ನಿ, ಮೆಟ್ಟಿಲಿದೆ ಎಂದು ಅವನಿಗೂ ದಾರಿ ತೋರಿಸಿದವಳು ತಾನೇ. ಮೇಷ್ಟ್ರಿಗೆ ಹೇಳಿದರೆ ಅವರು ಮೈಕ್ ಹಿಡಿದು ವಿಚಾರಣೆಗೇ ನಿಲ್ಲುತ್ತಾರೆ; ಅವನು ಮೆಲ್ಲಗೆ ಎದ್ದು ಹೋಗಿ ಹೊರಗೆ ಕಾಯುತ್ತಾನೆ. ಅವಳು ಆ ಚೀಟಿಯನ್ನು ಮುಷ್ಟಿಯಲ್ಲಿ ಅಡಗಿಸಿ ಉಳಿದವನ್ನಷ್ಟೇ ಮೇಷ್ಟ್ರ ಮೇಜಿನ ಮೇಲಿಟ್ಟಳು. ಆಮೇಲಿನ ಐವತ್ತು ನಿಮಿಷ ಗೋಡೆಗೆ ಬೆನ್ನು ಕೊಟ್ಟು ನಿಂತಳು. ತೆರೆಯ ಮೇಲೆ ಗಡಿಯಾರದವನ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಅವಳು ಸಾಲುಗಳ ಮೇಲೆ ಕಣ್ಣಾಡಿಸುತ್ತಿದ್ದಳು.

ದೀಪ ಬಂತು, ಚರ್ಚೆ ಶುರುವಾಯಿತು. ಹಲ್ಲಿನ ಡಾಕ್ಟರಮ್ಮ ಎದ್ದು, "ಅಪರಾಧಿಗೂ ಮನಸ್ಸಿರುತ್ತೆ ಅಂತ ಎಷ್ಟು ಚೆನ್ನಾಗಿ ತೋರಿಸಿದ್ದಾರೆ! ಕಣ್ಣಲ್ಲಿ ನೀರು ಬಂತು" ಎಂದರು. ಕಾಲೇಜು ಹುಡುಗಿಯೊಬ್ಬಳು ಎದುರು ಬಿದ್ದಳು: "ಕೊನೇಲಿ ಅವಳು ಪೊಲೀಸರಿಗೆ ಸುಳ್ಳು ಹೇಳ್ತಾಳಲ್ಲ, ನನಗೆ ಮೈ ಉರಿದುಹೋಯ್ತು ಸಾರ್. ಇದೂ ಒಂದು ಪ್ರೀತಿನಾ?" ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಗೊಣಗಿದರು.

ಆಗ ಹಿಂದಿನಿಂದ ಇಸ್ತ್ರಿ ಅಂಗಿಯವನೊಬ್ಬ ಎದ್ದ. ದನಿ ಬಲು ಮೆತ್ತಗಿತ್ತು. "ಅವನ ತಾಳ್ಮೆ ನೋಡಿ ಸಾರ್. ಹೆಂಗಸರು ಮೊದಲು ಬೇಡ ಅಂತಾರೆ, ಆಮೇಲೆ ಅರ್ಥ ಮಾಡ್ಕೋತಾರೆ. ಕಾಯಬೇಕು ಅಷ್ಟೆ."

ಮಾತಾಡುವವನನ್ನು ನೋಡಲು ಇಡೀ ಸಭೆ ಹಿಂದಕ್ಕೆ ತಿರುಗಿತು. ಅವನ ಮೂರು ಸಾಲು ಮುಂದೆ ಕೂತ ಒಬ್ಬಳು ಮಾತ್ರ ತಿರುಗಲಿಲ್ಲ. ಕತ್ತು ಸೆಟೆದು, ಖಾಲಿ ತೆರೆಯನ್ನೇ ನೋಡುತ್ತಿದ್ದಳು.

ಟಾರ್ಚಮ್ಮನ ಕಾಲು ತಾನಾಗಿ ಅತ್ತ ನಡೆಯಿತು. "ಮೇಡಂ, ನಿಮ್ಮ ಸ್ಕೂಟರ್ ಗೇಟಿಗೆ ಅಡ್ಡ ಇದೆ. ಒಂಚೂರು ಬಂದು ತೆಗೀತೀರಾ?"

"ನನ್ನ ಹತ್ರ ಸ್ಕೂಟರ್..." ಎನ್ನುತ್ತಿದ್ದವಳಿಗೆ ಟಾರ್ಚಮ್ಮ ಅಂಗೈ ಬಿಚ್ಚಿ ಚೀಟಿ ತೋರಿಸಿದಳು. ಅವಳು ಬ್ಯಾಗ್ ಎತ್ತಿಕೊಂಡು ಎದ್ದಳು.

"ಅವಳು ಬಸ್ಸಲ್ಲಿ ಬಂದಿದ್ದು," ಎಂದಿತು ಹಿಂದಿನಿಂದ ಅದೇ ಮೆತ್ತನೆಯ ದನಿ.

ಅವನೂ ಸಾಲಿನಿಂದ ಹೊರಡುತ್ತಿದ್ದ. ಅಷ್ಟರಲ್ಲಿ ಕಾಲೇಜು ಹುಡುಗಿ ಅವನಿಗೆ ಅಡ್ಡ ನಿಂತು, "ಅದು ತಾಳ್ಮೆ ಅಲ್ಲ ರೀ, ಕಾಟ! ಉತ್ತರ ಕೊಟ್ಟು ಹೋಗಿ" ಎಂದಳು. ಪಾಪ, ಅವಳಿಗೇನೂ ಗೊತ್ತಿರಲಿಲ್ಲ. ವಾದದ ಹುರುಪು, ಅಷ್ಟೆ. "ಹೌದು, ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು ಮೇಷ್ಟ್ರು.

ಸಿಕ್ಕ ಅರ್ಧ ನಿಮಿಷದಲ್ಲಿ ಟಾರ್ಚಮ್ಮ ಚೀಟಿ ಬರೆದವಳ ಕೈ ಹಿಡಿದು ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲು ಹತ್ತಿದಳು. ಅಲ್ಲಿ ಬಲ್ಬ್ ಇರಲಿಲ್ಲ. ಟಾರ್ಚ್ ಸ್ಟೂಲಿನ ಮೇಲೇ ಉಳಿದಿತ್ತು. ಗೋಡೆ ತಡವುತ್ತ ಮೇಲೆ ಹೋದರೆ, ಆಪರೇಟರ್ ಚಹಾಕ್ಕೆ ಇಳಿದು ಕೋಣೆ ಖಾಲಿ. ಒಳಗಿನಿಂದ ಚಿಲಕ ಹಾಕಿದರು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅವಸರವಿಲ್ಲದ ಹೆಜ್ಜೆ. ಹಿಡಿಕೆ ಒಮ್ಮೆ ತಿರುಗಿ ನಿಂತಿತು.

"ಬಾಗಿಲು ತೆಗಿ. ನಾನು ಬೈಯಲ್ಲ."

ಪಕ್ಕದವಳು ನೆಲಕ್ಕೆ ಕುಸಿದು ಎರಡೂ ಕಿವಿ ಮುಚ್ಚಿಕೊಂಡಳು. ಟಾರ್ಚಮ್ಮ ತೆರೆಗೆ ಬೆಳಕು ಬಿಡುವ ಚೌಕ ಕಿಂಡಿಗೆ ಮುಖ ಹಚ್ಚಿ, ಚರ್ಚೆ ಮಾಡುತ್ತಿದ್ದವರ ತಲೆಯ ಮೇಲೆ ಕಿರುಚಿದಳು: "ಮೇಷ್ಟ್ರೇ! ಪೊಲೀಸರಿಗೆ ಫೋನ್ ಮಾಡ್ರೀ! ಈ ಹುಡುಗಿ ಹಿಂದೆ ಬಿದ್ದೋನು ಇಲ್ಲೇ ಬಾಗಿಲಲ್ಲಿದ್ದಾನೆ!"

ಇಡೀ ಸಭೆ ಮೆಟ್ಟಿಲ ಕಡೆ ನುಗ್ಗಿತು. ಅವನು ಓಡಲಿಲ್ಲ. ಪೊಲೀಸರು ಬರುವವರೆಗೂ ಹೊರಗಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಸಿನಿಮಾ ನೋಡೋಕೆ ಬಂದಿದ್ದೂ ತಪ್ಪಾ?" ಎಂದು ಅವರನ್ನೇ ಕೇಳಿದ.

ಚೀಟಿ ಬರೆದವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಅಲ್ಲಿಯವರೆಗೆ ಮನೆಯವರೆದುರೂ ಬಾಯಿ ಬಿಟ್ಟಿರಲಿಲ್ಲ. ಅಂದು ಠಾಣೆಯಲ್ಲಿ ಅಣ್ಣನ ಪಕ್ಕ ಕೂತು ಏಳೂ ತಿಂಗಳದ್ದನ್ನು ಬರೆಸಿದಳು. ಟಾರ್ಚಮ್ಮ ಸಾಕ್ಷಿ ಹಾಕಿದಳು. ಸಹಿ ಎರಡು ಸಲ ಕೆಟ್ಟಿತು. ಔಷಧಿ ಅಂಗಡಿಯವಳ ಹತ್ತಿರ ಸುಳಿಯಕೂಡದೆಂದು ಕೋರ್ಟು ಅವನಿಗೆ ಆಜ್ಞೆ ಮಾಡಿತು. ಅವಳು ಊರಿನ ಇನ್ನೊಂದು ತುದಿಯ ಅಂಗಡಿಗೆ ಬದಲಾಯಿಸಿಕೊಂಡಳು.

ಅವನು ಮತ್ತೆ ಆ ಚಿತ್ರಮಂದಿರಕ್ಕೆ ಬರಲಿಲ್ಲ. ಆದರೂ ಟಾರ್ಚಮ್ಮ ಈಗ ಟಿಕೆಟ್ ಹರಿಯುವ ಮೊದಲು ಪ್ರತಿಯೊಬ್ಬರ ಮುಖ ನೋಡುತ್ತಾಳೆ. ಅದಕ್ಕೆ ಸಾಲು ಉದ್ದವಾಗಿ ಜನ ಬೈಯುತ್ತಾರೆ. ಔಷಧಿ ಅಂಗಡಿಯವಳು ಭಾನುವಾರ ಫೋನ್ ಮಾಡುತ್ತಾಳೆ.

"ಈಗ ಹೆದರಿಕೆ ಕಡಿಮೆ ಆಯ್ತೇನಮ್ಮ?" ಎಂದು ಟಾರ್ಚಮ್ಮ ಒಮ್ಮೆ ಕೇಳಿದಳು.

"ಇಲ್ಲ ಅಕ್ಕ. ಆದ್ರೆ ಈಗ ಅಂಗಡಿಯಿಂದ ಹೊರಡುವಾಗ ಅಣ್ಣಂಗೆ ಹೇಳಿ ಹೊರಡ್ತೀನಿ," ಎಂದಳು ಅವಳು.